ಸ್ಯಾಕ್ ಅಂದರೆ

ಮಿಸ್ ಪೀಟ್ರಿ ಕೊಟ್ಟ ಪದ ಒಂದೇ, ಸ್ಯಾಕ್.
ಬೇಕಾದ್ದು ಐದು ವಾಕ್ಯ, ಐದು ಬೇರೆ ಅರ್ಥ.
ಡಂಡಿಯ ಮಕ್ಕಳಿಗೆ ಇದೂ ಒಂದು ಪರೀಕ್ಷೆಯೆ?
ನಮ್ಮ ಗಾಳಿಯಲ್ಲೇ ಸೆಣಬಿನ ಎಳೆ,
ಸೀನಿದರೆ ಕರವಸ್ತ್ರದಲ್ಲಿ ಅರ್ಧ ಗೋಣಿ.

ಚೀಲ, ಎಂದು ಬರೆದೆ ಮೊದಲು.
ಆಲೂಗಡ್ಡೆಯದು, ಕಲ್ಲಿದ್ದಲಿನದು,
ಟೇ ನದಿ ಉಕ್ಕಿದರೆ ಬಾಗಿಲಿಗೆ ಒಡ್ಡುವ ಮರಳಿನದು.

ಅಪ್ಪ ಒಲೆಯ ಮುಂದೆ ಕೆಟಲ್ ಕಾಯುತ್ತಿದ್ದ.
ನಮ್ಮೂರ ಗಿರಣಿಗೆ ಹೆಂಗಸರ ಕೈ ಅಗ್ಗ;
ಗಂಡಸರು ಮನೆಯಲ್ಲಿ ನೀರು ಕಾಯಿಸುತ್ತಾರೆ,
ಹಾಗಂತಲೇ ಅವರನ್ನು ಕರೆಯುತ್ತಾರೆ ಕೂಡ.
ಹಾಸಿಗೆಗೂ ಸ್ಯಾಕ್ ಅನ್ನುತ್ತಾರೆ, ಎಂದ,
ನಿದ್ದೆ ಬಂದರೆ ಅದನ್ನು ಹೊಡೀತಾರೆ.
ಹೊಡೆಯೋದು ಯಾಕೆ?
ಅವನಿಗೂ ಗೊತ್ತಿರಲಿಲ್ಲ.
ಸೈನಿಕರು ನುಗ್ಗಿ ಊರು ದೋಚಿದರೆ ಅದೂ ಸ್ಯಾಕ್,
ಈ ಊರನ್ನೂ ಮಾಡಿದ್ದಾರೆ, ನಮ್ಮ ಮುತ್ತಜ್ಜನ ಮುತ್ತಜ್ಜನ ಕಾಲದಲ್ಲಿ.
ನಾಲ್ಕನೆಯದು ಚೀಲದೋಟ,
ಅದರ ಗಾಯ ಇನ್ನೂ ನನ್ನ ಮೊಣಕಾಲಲ್ಲಿತ್ತು.

ಐದನೆಯದಕ್ಕೆ ಅಮ್ಮ ಬಂದಳು.
ಮೂರು ಗಂಟೆ. ಗಿರಣಿಯ ಸಿಳ್ಳು ಇನ್ನೂ ಆಗಿರಲಿಲ್ಲ.

ಮಗ್ಗಗಳ ಸದ್ದಿಗೆ ಕಿವಿ ಕೊಟ್ಟವಳು ಅವಳು,
ಕೊಟ್ಟಿದ್ದನ್ನು ಯಾರೂ ತಿರುಗಿ ಕೊಟ್ಟಿರಲಿಲ್ಲ.
ನೇಯುವವರೆಲ್ಲ ಹಾಗೇ, ತುಟಿಯಲ್ಲೇ ಮಾತು,
ಮನೆಗೆ ಬಂದರೂ ದನಿ ಹಾಕುವುದು ನೆನಪಾಗುವುದಿಲ್ಲ.
ಹೊಸಿಲಲ್ಲೇ ನಿಂತು ಹೇಳಿದಳು.
ಹಲ್ಲು ಸೇರಿತು, ಬಾಯಿ ತೆರೆಯಿತು, ಅಷ್ಟೆ.
'ಸ್ಯಾ'ವರೆಗೆ ನನಗೆ ಕಂಡಿತು.
ಕೊನೆಯ ಕ್ ಕಾಣುವಂಥದ್ದಲ್ಲ, ಅದು ಗಂಟಲಿನ ಅಕ್ಷರ,
ಒಳಗೇ ಹುಟ್ಟಿ ಒಳಗೇ ಕೂತಿತು.

ಅಪ್ಪ ಕೆಟಲ್ ಇಳಿಸಿದ.
ಹಿಂದೆ ಕೆಲಸದಿಂದ ಬಿಡಿಸುವಾಗ ಧಣಿ ಒಂದು ಚೀಲ ಕೊಡುತ್ತಿದ್ದನಂತೆ,
ನಿನ್ನ ಹತಾರ ತುಂಬಿಕೊಂಡು ನಡಿ ಎಂದು,
ಮಾತು ಬಂದದ್ದು ಅಲ್ಲಿಂದಲಂತೆ.
ನೆಲ ನೋಡುತ್ತಾ ಹೇಳಿದ, ಪಾಠ ಒಪ್ಪಿಸುವ ಹುಡುಗನ ಹಾಗೆ.

ನೆಟ್ಟಿ ಗೆಡೀಸ್, ನನ್ನ ಅಮ್ಮ, ಅವಳ ಹತಾರ ಯಾವುದು?
ಮಗ್ಗ ಗಿರಣಿಯದು. ಲಾಳಿ ಗಿರಣಿಯದು.
ಏಪ್ರನ್ನಿನ ಜೇಬಲ್ಲಿ ಒಂದು ಕತ್ತರಿ,
ಕೈಯಲ್ಲಿ ಮೂತಿ ನೆಗ್ಗಿದ ಚಹಾದ ಡಬ್ಬಿ.
ಹದಿನೇಳು ವರ್ಷ ಚೀಲದ ಬಟ್ಟೆ ನೇಯ್ದವಳಿಗೆ
ಅವರು ಒಂದು ಚೀಲವನ್ನೂ ಕೊಟ್ಟಿರಲಿಲ್ಲ.

ಕೋಟು ಬಿಚ್ಚದೆ ನನ್ನ ಪುಸ್ತಕಕ್ಕೆ ಬಾಗಿದಳು,
ಖಾಲಿ ಸಾಲಿನ ಮೇಲೆ ಬೆರಳಿಟ್ಟಳು,
ಉಗುರ ಸಂದಿಯಲ್ಲಿ ಎಣ್ಣೆ.
ತುಟಿಗೆ ತುಟಿ ತಾಗಿ ಬಿಟ್ಟಿತು.
ಈ ಸಲ ಇಡೀ ಅಕ್ಷರ ಕಂಡಿತು ನನಗೆ:
ಬರಿ.