ಇಪ್ಪತ್ತಾರರ ನಂತರದ ಪುಟ

ಹೆಸರು ಬದಲಿಸುವುದಕ್ಕೆ ಎರಡೇ ಕೀಲಿ.
ನಿನ್ನೆ ಗಾಜು ಕೂರಿಸುವವರು, ಇವತ್ತು ನೀರುಸೋರಿಕೆಯವರು,
ನಾಳೆ ಪೈಲಿಂಗಿನವರು;
ಸುರಕ್ಷತೆಯ ಕಡತ ಒಂದೇ, ಅರವತ್ತೆರಡು ಪುಟ.
ಹಂಪನಕಟ್ಟೆಯ ಈ ಮಾಳಿಗೆಯಲ್ಲಿ
ಹನ್ನೊಂದು ವರ್ಷದಿಂದ ನಾನೇ ಅದರ ಕರ್ತೃ,
ಅಂದರೆ, ಹಿಂದಿನವರ ಹೆಸರು ಅಳಿಸುವವಳು.

ಮೂಲ ಬಂದದ್ದು ದಮ್ಮಾಮಿನಿಂದ,
ಭಾವನ ಪೆಟ್ಟಿಗೆಯಲ್ಲಿ, ಪೆನ್‌ಡ್ರೈವಿನೊಳಗೆ,
ಹಾಲಿನಪುಡಿ ಡಬ್ಬಿಗೂ ನೋವಿನೆಣ್ಣೆಗೂ ನಡುವೆ.
ಕನ್ನಡಕ್ಕೆ ತಂದವಳು ನಾನು, ಪುಟಕ್ಕೆ ಮೂವತ್ತು ರೂಪಾಯಿ.
‘ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ ಇರತಕ್ಕದ್ದು’
ಎಂದು ನಾಲ್ಕನೇ ಪುಟದಲ್ಲಿ ಇತ್ತಲ್ಲ, ಹಾಗಾಗಿ.

ಸೆರಾವೊ ಬಂದರು, ಮೆಟ್ಟಿಲಲ್ಲೇ ಏದುಸಿರು:
“ನಮ್ಮದು ಸಾರುವೆ, ಹೊರಗೋಡೆಯ ಪೈಂಟಿಂಗು, ಅಷ್ಟೇ ಮಾರಾಯ್ತಿ.
ಬಿಜೈಯಲ್ಲಿ ಹತ್ತೊಂಬತ್ತು ಮಾಳಿಗೆಯದ್ದು ಸಿಕ್ಕಿದ್ದುಂಟು.
ಫೈಲಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲವಂತೆ.
ದಪ್ಪ ಕಾಣಬೇಕು, ಆಯ್ತಾ?”

ಒಯ್ಯಲು ಬಂದದ್ದು ಅವರ ಮೇಸ್ತ್ರಿ,
ಯಮನೂರಪ್ಪ, ಕುಷ್ಟಗಿಯ ಕಡೆಯವನು.
ಬೆಂಚಿನಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು
ಲಗ್ನಪತ್ರಿಕೆ ಓದಿದ ಹಾಗೆ ಓದಿದ.
ಇಪ್ಪತ್ತಾರಕ್ಕೆ ಬೆರಳು ನಿಂತಿತು.
“ಉಸುಕಿನ ಬಿರುಗಾಳಿ ಬಂದ್ರ ಕೆಲಸ ನಿಲ್ಲಸಬೇಕು ಅಂತ ಐತಲ್ರೀ ಅಕ್ಕಾರ,
ಇಲ್ಲಿ ಉಸುಕು ಎಲ್ಲಿ ಹಾರತೈತಿ?
ಮಳಿ ಬಗ್ಗೆ ಒಂದಕ್ಷರಾನೂ ಇಲ್ಲ.”

ಹನ್ನೊಂದು ಮಳೆಗಾಲ.
ಈ ಊರಿನ ಎಷ್ಟು ಗೋಡೆಗಳು
ನನ್ನ ಮರಳುಗಾಳಿಗೆ ಹೆದರಿಕೊಂಡೇ ಎದ್ದವೋ.

ಅವನು ಹೇಳಿದ, ನಾನು ಒತ್ತಿದೆ:
ಕಡಲಗಾಳಿಗೆ ಕ್ಲಾಂಪು ಒಳಗಿನಿಂದ ತುಕ್ಕು ತಿನ್ನುತ್ತದೆ,
ಹೊರಗೆ ಬಣ್ಣ ಬಳಿದರೆ ಮದುಮಗನೇ.
ಹತ್ತುವ ಮೊದಲು ಪಾನಾದಲ್ಲಿ ಬಡಿದು ಕೇಳಬೇಕು.
ಒಳ್ಳೆಯದು ಟಣ್ ಅನ್ನುತ್ತದೆ. ಕೆಟ್ಟದ್ದು, ಟೊಪ್.
ಮೊದಲ ಮಳೆಯಾದ ನಾಲ್ಕನೇ ದಿನ ಹಲಗೆಗೆ ಪಾಚಿ,
ಮಗುಚಿ ಹಾಕಿದರೆ ಸಾಲದು, ಉಜ್ಜಬೇಕು.
ಬೆಲ್ಟಿನಲ್ಲಿ ನೇತಾಡುವವನನ್ನು ಬೀಡಿ ಮುಗಿಯುವುದರೊಳಗೆ ಇಳಿಸಬೇಕು,
ಬದುಕಿದನಲ್ಲ ಎಂದು ನಗುತ್ತಾ ನಿಲ್ಲಬಾರದು,
ರಕ್ತ ಕಾಲಿಗಿಳಿದು ಅಲ್ಲೇ ಕೂರುತ್ತದೆ.
ಜಾರ್ಖಂಡಿನ ಹುಡುಗರಿಗೆ ಇದನ್ನು ಓದಿ ಪ್ರಯೋಜನವಿಲ್ಲ.
ಬಡಿದು ಕೇಳಿಸಬೇಕು.

ಸಂಖ್ಯೆಯಿಲ್ಲದ ಆ ಹಾಳೆಯನ್ನು
ಇಪ್ಪತ್ತಾರರ ಬೆನ್ನಿಗೆ ಸಿಕ್ಕಿಸಿ ಕಳಿಸಿದೆ.
ಮರುದಿನವೇ ಫೋನು: “ಇದೆಂತದು ಟಣ್, ಟೊಪ್?
ಕನ್ಸಲ್ಟೆಂಟ್ ನಗಾಡಿದ. ತೆಗಿ ಅದನ್ನು.”
ತೆಗೆದೆ. ಅವರದ್ದರಿಂದ ಮಾತ್ರ.
ಆಮೇಲೆ ಬಂದ ಲಿಫ್ಟಿನವರು, ಚಾವಣಿ ಶೀಟಿನವರು,
ಉಳ್ಳಾಲದ ನೀರಿನ ಟ್ಯಾಂಕಿಯವರು
ತಿಳಿಯದೆಯೇ ಹೊತ್ತುಕೊಂಡು ಹೋದರು.

ಜುಲೈಯ ಒಂದು ರಾತ್ರಿ ಮತ್ತೆ ಸೆರಾವೊ.
ದನಿ ಸಣ್ಣಗಾಗಿತ್ತು.
“ಆ ಪುಟ ಉಂಟಲ್ಲ, ಅದನ್ನು ಸೇರಿಸಿ ಕೊಡು.
ತಾರೀಕು ಮಾತ್ರ ಮೇ ತಿಂಗಳದ್ದು ಇರಲಿ.”
ಯಾರಿಗೆ ಏನಾಯಿತು ಎಂದೆ.
“ಕಾಲು ಮಾತ್ರ. ಕೆಲಸದವ.”
ಯಾವ ಕೆಲಸದವ ಎಂದೆ. ಆ ಕಡೆ ಮಳೆ ಸುರಿಯುತ್ತಿತ್ತು.
ಕರೆಂಟಿಲ್ಲ ಎಂದೆ.
ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಬೆಳಿಗ್ಗೆ ಬಿಜೈಯಲ್ಲಿ ಬಸ್ಸಿಳಿದೆ.
ನಾನು ಬರೆದ ಕಟ್ಟಡವನ್ನು ನೋಡಿದ್ದು ಅದೇ ಮೊದಲು.
ಹಸಿರು ಬಲೆಯ ಹಿಂದೆ ಮನುಷ್ಯರು ಬರಿಯ ನೆರಳು.
ಕಾವಲಿನವ ಹೆಸರು ಕೇಳಿದ, ಯಾರು ಬೇಕು ಎಂದ.
ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಮೇಲೆಲ್ಲೋ, ಆರನೆಯದೋ ಏಳನೆಯದೋ ಮಾಳಿಗೆಯಲ್ಲಿ,
ಟಣ್.
ಟಣ್.
ಟಣ್.
ಟೊಪ್.

ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.
ಬಿಚ್ಚುತ್ತಿದ್ದಾರೆ ಎಂದುಕೊಂಡು
ಕೊಡೆ ಮಡಚದೆ ನಿಂತೆ.