ನೂರ ನಲವತ್ತೊಂದನೆಯ ಬಿಲ್ಲೆ

ನನ್ನ ಕೆಲಸ ಕೋಟುಗಳದು.
ಎಸ್‌ಬಿಯರ್ಗ್ ಬಂದರಿನ ಸಭಾಭವನ, ನೆಲಮಾಳಿಗೆ,
ಉದ್ದ ಮೇಜು, ಹಿತ್ತಾಳೆ ಬಿಲ್ಲೆಗಳ ಡಬ್ಬಿ,
ಬೆನ್ನ ಹಿಂದೆ ಕೊಕ್ಕೆಗಳ ಆರು ಸಾಲು.
ಬಂದವರು ಮೊದಲು ನನ್ನೆದುರು ತೋಳು ಬಿಡಿಸಿಕೊಳ್ಳುತ್ತಾರೆ,
ಆಮೇಲೆ ಮೆಟ್ಟಿಲೇರಿ ದೊಡ್ಡವರಾಗುತ್ತಾರೆ.

ಇವತ್ತು ಹಸಿರು ಇಂಧನದ ಪ್ರಶಸ್ತಿ ಸಂಜೆ.
ನೂರ ನಲವತ್ತು ಕೋಟು.
ಮಂತ್ರಿಯದು ನಯವಾದ ಉಣ್ಣೆ, ಜೇಬಲ್ಲಿ ಕೆಮ್ಮಿನ ಗುಳಿಗೆ;
ಬ್ಯಾಂಕಿನವರದು ಒಂದೇ ಅಂಗಡಿಯ ಏಳು ಕಪ್ಪು;
ಹಳೆ ಬಟ್ಟೆಯ ನೂಲಿಂದಲೇ ನೇಯಿಸಿದ್ದು ಎಂದು
ಒಬ್ಬಾಕೆ ಹೇಳಿಯೇ ಕೊಟ್ಟಳು. ತೂಕ ಇತ್ತು.
ಸೈಕಲ್ಲಿನಲ್ಲಿ ಬಂದ ಮೇಯರನ ಮಳೆಯಂಗಿ
ಗಂಟೆ ಕಳೆದರೂ ತೊಟ್ಟಿಕ್ಕುತ್ತಲೇ ಇತ್ತು.

ಹೊರಗೆ ಫೆಬ್ರವರಿಯ ಗಾಳಿ, ಸಮುದ್ರದಿಂದ ನೇರ.
ಬಾಗಿಲು ತೆರೆದಾಗಲೆಲ್ಲ ಒಳನುಗ್ಗಿ
ಮೊದಲ ಸಾಲಿನ ತೋಳುಗಳನ್ನೆತ್ತಿ ನೋಡಿ
ಒಳಗೆ ಯಾರೂ ಇಲ್ಲವೆಂದು ಇಳಿಸುವುದು.

ಭಾಷಣ ಇಲ್ಲಿಗೆ ಕೇಳಿಸದು. ಅದು ಮುಗಿದದ್ದು ಮಾತ್ರ
ಚಾವಣಿಯ ಪೈಪುಗಳಲ್ಲಿ ಚಪ್ಪಾಳೆಯಾಗಿ ಇಳಿಯುತ್ತದೆ.
ಮೂರನೆಯ ಚಪ್ಪಾಳೆಗೂ ನಾಲ್ಕನೆಯದಕ್ಕೂ ನಡುವೆ
ಮುದುಕನೊಬ್ಬ ಇಳಿದು ಬಂದ,
ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು.
ಎಗೋನ್ ವೆಸ್ಟರ್‌ಗೋರ್. ನನಗೆ ಗುರುತಿತ್ತು, ಅವನಿಗಿಲ್ಲ.
ದೋಣಿ ಕಟ್ಟುವ ಕೊಟ್ಟಿಗೆಯಲ್ಲಿ
ಗಾಜಿನ ನೂಲು ಹಾಸಿ, ಅಂಟು ಬಳಿದು, ರೆಕ್ಕೆ ಮಾಡಿ
ನಮ್ಮ ಶಾಲೆಯ ಹಿಂದಿನ ಹೊಲದಲ್ಲಿ ನಿಲ್ಲಿಸಿದವನು.
ಅದು ಮೊದಲ ಸಲ ತಿರುಗಿದ ದಿನ
ನಮಗೆಲ್ಲ ಅರ್ಧ ದಿನ ರಜೆ.

ಕಂಕುಳಲ್ಲಿ ಬಹುಮಾನ: ಗಾಜಿನ ರೆಕ್ಕೆ,
ಓಕ್ ಮರದ ಪೀಠ, ಉಕ್ಕಿನ ತಿರುಪು.
ನನ್ನ ಎದೆಚೀಟಿ ಓದಿ ಕೇಳಿದ:
“ಇದನ್ನು ಇಟ್ಟುಕೊಳ್ಳುತ್ತೀಯಾ, ಟೋವ?”
ಇಲ್ಲಿ ಕೋಟು ಮಾತ್ರ ಎಂದೆ.
“ಹಾಗಾದರೆ ಇದಕ್ಕೂ ಒಂದು ಕೋಟು,” ಎಂದು
ತನ್ನ ಮಫ್ಲರ್ ಸುತ್ತಿ ಮೇಜಿನ ಮೇಲಿಟ್ಟ.

ಆಮೇಲೆ ಸ್ಟೂಲಿನ ಮೇಲೆ ಕೂತ.
ದೂರುವ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ:
“ಗಾಳಿ ಬಂದಾಗ ತೂರಿಕೊಂಡೆವು. ತಪ್ಪಲ್ಲ.
ಕಾಳು ಮನೆಮನೆ ಸೇರಿತು, ದೀಪವಾಯಿತು,
ಎಷ್ಟೋ ಮಕ್ಕಳ ಹಾಲು ಬಿಸಿಯಾಯಿತು.
ಹೊಟ್ಟು ಎಲ್ಲಿ ಬಿತ್ತೆಂದು ಯಾರೂ ಕೇಳಲಿಲ್ಲ.
ನಾನೂ.
ಹೋದ ಅಕ್ಟೋಬರಿನಲ್ಲಿ ಕರೆದು ತೋರಿಸಿದರು.
ಊರಾಚೆ ಕಸದ ಗುಂಡಿ. ಮೂರು ಮೂರು ತುಂಡು ಮಾಡಿ
ಸಾಲಾಗಿ ಮಲಗಿಸಿದ್ದಾರೆ. ನನ್ನವು ಇಪ್ಪತ್ತಾರು.
ತುದಿಯ ಕೆಂಪು ಪಟ್ಟಿ ನೋಡಿ ಗುರುತು ಹಿಡಿದೆ.
ಕರಗವು, ಕೊಳೆಯವು, ತುಕ್ಕು ಕೂಡ ಹಿಡಿಯವು.
ಅಷ್ಟು ಗಟ್ಟಿಯಾಗಿ ಮಾಡಿದ್ದೆ.
ಬಹುಮಾನ ಕೊಟ್ಟದ್ದೂ ಅದಕ್ಕೇ. ಬಾಳಿಕೆಗೆ.”

ನಕ್ಕ. ನಾನೂ ನಗಬೇಕೋ ತಿಳಿಯದೆ
ಮೇಯರನ ಅಂಗಿಯ ಕೆಳಗೆ ಬಕೆಟ್ ಸರಿಸಿದೆ.
ಮಣ್ಣು ಮುಚ್ಚುವಾಗ, ಅಂದ, ಒಂದು ತುಂಡಿನ ತುದಿ
ಗಾಳಿಗೆ ಎದ್ದಿತು. ಸ್ವಲ್ಪ.
ಬುಲ್ಡೋಜರಿನವನು ಒಂದು ನಿಮಿಷ ನಿಲ್ಲಿಸಿದ್ದ.

ಹಿತ್ತಾಳೆ ಬಿಲ್ಲೆಗಳು ಮುಗಿದಿದ್ದವು.
ಚೀಟಿಯ ಮೇಲೆ ನೂರ ನಲವತ್ತೊಂದು ಎಂದು ಬರೆದುಕೊಟ್ಟೆ,
ಕೋಟು ತೊಡಿಸಿದೆ, ಎಡತೋಳು ಮೊದಲು.
ಬಾಗಿಲಲ್ಲಿ ಗಾಳಿ ಅವನನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತು;
ಟೋಪಿ ಹಿಡಿದು, ಹಳೆಯ ಪಾಲುದಾರನಿಗೆ ತಲೆಬಾಗುವಂತೆ,
ಬಾಗಿಯೇ ಹೋದ.

ಯಾರೂ ಕೇಳದ್ದನ್ನು ಮೂರು ತಿಂಗಳು ಕಾದು ವಿಲೇವಾರಿ ಮಾಡಬೇಕು.
ಮೇ ಬಂತು. ಹಿತ್ತಲಲ್ಲಿ ಡಬ್ಬಗಳ ಸಾಲು:
ಗಾಜು, ಮರ, ಲೋಹ, ಕಾಗದ.
ತಿರುಪು ಬಿಚ್ಚಲು ಹೋದೆ. ಅಂಟು ಬಿಡಲಿಲ್ಲ.
ಯಾವ ಡಬ್ಬಕ್ಕೂ ಅದು ಸಲ್ಲಲಿಲ್ಲ.

ಹಾಗಾಗಿ ಇನ್ನೂ ನನ್ನ ಕಪಾಟಿನಲ್ಲೇ ಇದೆ,
ಗಾಳಿ ಮುರಿದ ಕೊಡೆಗಳು, ಒಂಟಿ ಕೈಗವಸುಗಳ ನಡುವೆ.
ಒದ್ದೆ ಕೈಗವಸು ಸಿಕ್ಕಿದರೆ ಅದರ ತುದಿಗೇ ತೊಡಿಸುತ್ತೇನೆ,
ಬೇಗ ಒಣಗುತ್ತದೆ.
ಬಾಗಿಲು ತೆರೆದಾಗ ಬೆರಳುಗಳು ಅಲ್ಲಾಡುತ್ತವೆ.
ಮಫ್ಲರ್ ಮಾತ್ರ ಒಗೆದು ಮಡಿಸಿಟ್ಟಿದ್ದೇನೆ,
ಚೀಟಿ ಹಿಡಿದು ಬಂದರೆ ಕೊಡಲು.