ಎರಡು ಊಟ, ಒಂದು ಬನ್ನು

ಸಹಾರಿನ ಬೇಲಿಗೆ ಬೆನ್ನು ಕೊಟ್ಟು ನಿಂತಿದೆ ನಮ್ಮ ಅಡುಗೆಮನೆ.
ಇಲ್ಲಿ ಯಾರೂ ದೂರವನ್ನು ಮೈಲಿಯಲ್ಲಿ ಹೇಳುವುದಿಲ್ಲ.
ಮಸ್ಕತ್ ಅಂದರೆ ಒಂದು ಪೊಟ್ಟಣ, ಒಂದು ಲೋಟ ನೀರು.
ಲಂಡನ್ನು ಒಂದು ಊಟ, ಇಳಿಯುವ ಮುಂಚೆ ತಿಂಡಿ.
ನ್ಯೂಯಾರ್ಕಿಗೆ ಎರಡು ಊಟ, ನಡುರಾತ್ರಿಗೊಂದು ಬನ್ನು,
ನಿದ್ದೆ ಬಾರದವರಿಗೆಂದು
ಕೊನೆಯ ಗಾಡಿಯಲ್ಲಿ ಲೆಕ್ಕಕ್ಕಿಲ್ಲದ ನಲವತ್ತು ಬಿಸ್ಕತ್ತು.

ಸಂಜೆಯಾದರೆ ಮಸ್ಕರೇನ್ಹಸ್ ಹಲಗೆಯ ಮೇಲೆ ಬರೆಯುತ್ತಾರೆ:
ಹನ್ನೆರಡು ಸಾವಿರದ ಐನೂರು ಕಿಲೋಮೀಟರು,
ಹದಿನೈದು ಗಂಟೆ ಐವತ್ತು ನಿಮಿಷ.
ನಾನು ಅದನ್ನು ಓದುವುದೇ ಬೇರೆ:
ಮುನ್ನೂರ ಹದಿನೆಂಟು ತಟ್ಟೆ,
ಹನ್ನೊಂದು ಜೈನರದು, ಬೆಳ್ಳುಳ್ಳಿಯ ಕೈ ಸೋಕಬಾರದು,
ಮೂರು ಮಕ್ಕಳದು,
ಒಂದು ಉಪ್ಪಿಲ್ಲದ್ದು.
ಆ ಒಬ್ಬರ ಬಗ್ಗೆ ಯೋಚಿಸುತ್ತೇನೆ.
ಹದಿನೈದು ಗಂಟೆ ಐವತ್ತು ನಿಮಿಷ, ಬರೀ ಸಪ್ಪೆ.

ಹೋಗುವಾಗ ಗಾಳಿ ಎದುರಂತೆ, ಬರುವಾಗ ಬೆನ್ನಿಗಂತೆ,
ಅದಕ್ಕೇ ವಾಪಸು ದಾರಿ ಎರಡು ಗಂಟೆ ಗಿಡ್ಡ.
'ನಮ್ಮ ಲೋಕಲಿಗೆ ಎರಡೂ ಕಡೆ ಎದುರುಗಾಳಿಯೇ'
ಅನ್ನುತ್ತಾಳೆ ಪಕ್ಕದ ಮೇಜಿನ ಸುಲಭಾ ತಾಂಡೇಲ್,
ಚಮಚ, ಫೋರ್ಕು, ಕರವಸ್ತ್ರ ಸುತ್ತುತ್ತ.

ನಾನು ಡೊಂಬಿವಲಿಯವಳು.
ಹಕ್ಕಿಗಾದರೆ ಇಪ್ಪತ್ತೆಂಟು ಕಿಲೋಮೀಟರು,
ನನಗೆ ಎರಡು ಗಂಟೆ ಹತ್ತು ನಿಮಿಷ:
ಮರೋಳದ ತನಕ ಕಾಲು, ಆಮೇಲೆ ಮೆಟ್ರೋ,
ಘಾಟ್ಕೋಪರಿನ ಸೇತುವೆಯಲ್ಲಿ ಯಾರದೋ ಮೊಣಕೈ,
ಸ್ಲೋ ಗಾಡಿ, ಶೇರ್ ರಿಕ್ಷಾ.
ಹೊಸಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ
ನಾನು ಮುಚ್ಚಿದ ಡಬ್ಬಿ
ಯಾವುದೋ ಮರುಭೂಮಿಯ ಮೇಲೆ ತೆರೆದುಕೊಂಡಿರುತ್ತದೆ.

ಒಂದು ರಾತ್ರಿ ಹೋದ ವಿಮಾನ ಬೆಳಗ್ಗೆ ತಿರುಗಿ ಬಂತು.
ಕ್ಯಾಸ್ಪಿಯನ್ ಕಡಲ ಹತ್ತಿರ ಏನೋ ಕೆಂಪು ದೀಪ ಹೊತ್ತಿತಂತೆ.
ಸದ್ಯ, ಯಾರಿಗೂ ಏನೂ ಆಗಲಿಲ್ಲ.
ಮಸ್ಕರೇನ್ಹಸ್ ಹಲಗೆಯ ಮುಂದೆ ಬಹಳ ಹೊತ್ತು ನಿಂತರು.
ಹೊರಟದ್ದು ಮುಂಬೈ. ಮುಟ್ಟಿದ್ದು ಮುಂಬೈ.
ಸಮಯ ಒಂಬತ್ತು ಗಂಟೆ ಐದು ನಿಮಿಷ.
ದೂರ ಅಂತ ಬರೆದು, ಸೊನ್ನೆ ಹಾಕಿ,
ಬೆರಳಲ್ಲೇ ಒರೆಸಿ, ಮತ್ತೆ ಸೊನ್ನೆ ಹಾಕಿದರು.
ನನಗೆ ನಗು ತಡೆಯಲಾಗಲಿಲ್ಲ.
ನನ್ನ ಪಾಳಿಯೂ ಅಷ್ಟೇ ಅಲ್ಲವೆ,
ಊಟದ ಬಿಡುವು ಸೇರಿಸಿದರೆ.

ಗಾಡಿಗಳು ನಮ್ಮ ಬಾಗಿಲಿಗೇ ಬಂದವು.
ಮೊದಲ ಊಟ ಮುಗಿದಿತ್ತು, ಎರಡನೆಯದು ಮುಟ್ಟಿರಲಿಲ್ಲ,
ಬಿಸ್ಕತ್ತು ಒಂದೂ ಉಳಿದಿರಲಿಲ್ಲ.
ಉಪ್ಪಿಲ್ಲದ ತಟ್ಟೆ ಹುಡುಕಿದೆ.
ಅನ್ನದ ಕೆಳಗೆ, ಚೌಕವಾಗಿ ಮಡಿಸಿ ಬಚ್ಚಿಟ್ಟದ್ದು:
ಯಾವ ನೆರೆಯ ಸೀಟಿನಿಂದ ಬೇಡಿದ್ದೋ,
ಒಂದು ಮಾವಿನ ಉಪ್ಪಿನಕಾಯಿಯ ಪೊಟ್ಟಣ,
ಹಿಂಡಿ ಹಿಂಡಿ ಎಲೆಯಷ್ಟು ಚಪ್ಪಟೆ.

ನಿಯಮದ ಪ್ರಕಾರ ಬರೆದಿಡಬೇಕಿತ್ತು.
ಬರೆಯಲಿಲ್ಲ.

ಆ ರಾತ್ರಿ ಅದೇ ಜನಕ್ಕೆ ಬೇರೆ ವಿಮಾನ.
ಮತ್ತೆ ಮುನ್ನೂರ ಹದಿನೆಂಟು, ಉಪ್ಪಿಲ್ಲದ್ದು ಒಂದು.
ನಿಂಬೆ ಒಂದೇ ಹೋಳು ಅನ್ನುತ್ತದೆ ಪಟ್ಟಿ.
ನಾಲ್ಕಿಟ್ಟು ಮುಚ್ಚಳ ಒತ್ತಿದೆ.